ವಿಡಿಯೋದಲ್ಲಿ ಬೇಡದ ಚುಕ್ಕೆ: ಮೂಲ ಪತ್ತೆಹಚ್ಚಿ ತೆಗೆಯುವ ಬಗೆ

ಫೂಟೇಜ್‌ನಲ್ಲಿ ಚುಕ್ಕೆ ಕಂಡ ಕೂಡಲೇ ಹೆಚ್ಚಿನವರ ಕೈ ಹೋಗುವುದು ಲೆನ್ಸ್ ಒರೆಸುವ ಬಟ್ಟೆಗೆ. ಆದರೆ ಲೆನ್ಸಿನ ಮುಂದಿನ ಗಾಜಿನ ಮೇಲೆ ಕೂತ ಸಣ್ಣ ಧೂಳು ಚಿತ್ರದಲ್ಲಿ ಚುಕ್ಕೆಯಾಗಿ ಮೂಡುವುದು ಅಪರೂಪ. ಚುಕ್ಕೆಗೆ ಕಾರಣ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮುಂದಿನ ಗಾಜಿನ ಮೇಲಿನ ಧೂಳಿರಬಹುದು, ಕೆಟ್ಟ ಪಿಕ್ಸೆಲ್ ಇರಬಹುದು, ಎದುರಿನ ದೀಪದ ಪ್ರತಿಫಲನ ಇರಬಹುದು, ಇಲ್ಲವೇ ಫೈಲ್ ಹಾಳಾಗಿರಬಹುದು. ಒಂದೊಂದಕ್ಕೂ ಮದ್ದು ಬೇರೆ. ಕೆಟ್ಟ ಪಿಕ್ಸೆಲ್ ಇರುವ ಕ್ಯಾಮೆರಾದ ಸೆನ್ಸರ್ ಒರೆಸಿದರೆ ಚುಕ್ಕೆ ಹೋಗುವುದಿಲ್ಲ, ಇಲ್ಲದ ಗೀರು ಮಾತ್ರ ಬೀಳಬಹುದು. ಹಾಗಾಗಿ ಚುಕ್ಕೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವ ತನಕ ಯಾವುದನ್ನೂ ಒರೆಸಬೇಡಿ.

ಮೊದಲು ಚುಕ್ಕೆ ನಿಜಕ್ಕೂ ಫೈಲ್‌ನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಂಪ್ಯೂಟರ್‌ನಲ್ಲಿ ವಿಡಿಯೋ ಓಡುವ ಕಿಟಕಿಯನ್ನು ಎಳೆದು ಪರದೆಯ ಇನ್ನೊಂದು ಮೂಲೆಗೆ ಒಯ್ಯಿರಿ. ಚುಕ್ಕೆ ಮೊದಲಿದ್ದ ಜಾಗದಲ್ಲೇ ಉಳಿದರೆ ತೊಂದರೆ ಮಾನಿಟರ್‌ನದು. ವಿಡಿಯೋ ಜೊತೆಗೇ ಬಂದರೆ ಮುಂದಿನ ಪರೀಕ್ಷೆಗೆ ಹೋಗಿ. ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ಮಾತ್ರ ಕಾಣುವ ಕಸವೂ ಹೀಗೆಯೇ. ಅದು ರೆಕಾರ್ಡಿಂಗ್‌ಗೆ ಬರುವುದಿಲ್ಲ, ಅದರ ಚಿಂತೆ ಬೇಡ.

ಎರಡು ನಿಮಿಷದ ಪರೀಕ್ಷೆ

ಈ ಪರೀಕ್ಷೆಗೆ ಬೇಕಾದದ್ದು ಒಂದು ಬಿಳಿ ಗೋಡೆ, ಅಥವಾ ಮೋಡವಿಲ್ಲದ ಆಕಾಶ, ಅಥವಾ ಖಾಲಿ ಬಿಳಿ ಪುಟ ತೆರೆದಿಟ್ಟ ಲ್ಯಾಪ್‌ಟಾಪ್. ಸೂರ್ಯ ಫ್ರೇಮಿನೊಳಗೆ ಬರಬಾರದು. ಕ್ಯಾಮೆರಾವನ್ನು ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ (ಚಿತ್ರದ ನಡುಕ ತಗ್ಗಿಸುವ ಆಯ್ಕೆ) ಆಫ್ ಮಾಡಿ, ಫೋಕಸ್ ಮ್ಯಾನ್ಯುವಲ್ ಮಾಡಿ ಗೋಡೆ ಮಸುಕಾಗುವಂತೆ ತಿರುಗಿಸಿ. ಲ್ಯಾಪ್‌ಟಾಪ್ ಪರದೆಯಾದರೆ ಇದು ಇನ್ನೂ ಮುಖ್ಯ, ಇಲ್ಲದಿದ್ದರೆ ಪರದೆಯ ಪಿಕ್ಸೆಲ್‌ಗಳೇ ಕಾಣುತ್ತವೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು) ಎಫ್/16 ಅಥವಾ ಎಫ್/22, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100ರಿಂದ 400. ಚಿತ್ರ ಕತ್ತಲಾದರೆ ಶಟರ್ ವೇಗವನ್ನು 1/25 ಸೆಕೆಂಡಿಗೆ ಇಳಿಸಿದರೂ ನಡೆಯುತ್ತದೆ. ಈಗ ರೆಕಾರ್ಡ್ ಒತ್ತಿ ಈ ಕೆಲಸಗಳನ್ನು ಇದೇ ಸರದಿಯಲ್ಲಿ ಮಾಡಿ:

1. 10 ಸೆಕೆಂಡ್ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ.
2. ಅಪರ್ಚರ್ ಅನ್ನು ಎಫ್/22ರಿಂದ ಎಫ್/4ಕ್ಕೆ ಒಂದೊಂದೇ ಮೆಟ್ಟಿಲು ತೆರೆಯುತ್ತಾ ಬನ್ನಿ. ಪ್ರತಿ ಮೆಟ್ಟಿಲಿಗೂ ಐಎಸ್‌ಒ ಅಥವಾ ಶಟರ್ ಸರಿಮಾಡಿ, ಚಿತ್ರ ಪೂರ್ತಿ ಬಿಳಿಯಾಗಲು ಬಿಡಬೇಡಿ.
3. ಅಪರ್ಚರ್ ಅನ್ನು ಮತ್ತೆ ಎಫ್/22ಕ್ಕೆ ಮುಚ್ಚಿ. ಜೂಮ್ ಇದ್ದರೆ ವೈಡ್‌ನಿಂದ ಟೆಲಿಗೆ ಹೋಗಿ ಮತ್ತೆ ವೈಡ್‌ಗೆ ಬನ್ನಿ.
4. ಒಳಗೇ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಮಬ್ಬು ಗಾಜು) ಇರುವ ಕ್ಯಾಮೆರಾ ಆದರೆ ಎನ್‌ಡಿ ಗಾಲಿಯ ಎಲ್ಲ ಸ್ಥಾನಗಳನ್ನೂ ಒಮ್ಮೆ ಹಾಕಿ ನೋಡಿ.
5. ಕೊನೆಗೆ ಲೆನ್ಸಿಗೆ ಕ್ಯಾಪ್ ಹಾಕಿ, ಐಎಸ್‌ಒ 6400ಕ್ಕೆ ಏರಿಸಿ, 20 ಸೆಕೆಂಡ್ ಕತ್ತಲನ್ನೇ ರೆಕಾರ್ಡ್ ಮಾಡಿ.

ಇದನ್ನು ದೊಡ್ಡ ಪರದೆಯಲ್ಲಿ, ಕಾಂಟ್ರಾಸ್ಟ್ ಚೆನ್ನಾಗಿ ಏರಿಸಿ ನೋಡಿ. ಕ್ಯಾಮೆರಾ ಸರಿದರೂ ಅಲ್ಲಾಡದೆ ಫ್ರೇಮಿನ ಒಂದೇ ಜಾಗದಲ್ಲಿ ನಿಂತ, ಅಂಚು ಮಸುಕಾದ ಕಪ್ಪು ಕಲೆ, ಅಪರ್ಚರ್ ತೆರೆದಂತೆ ಹರಡಿ ಮಾಯವಾಗಿ, ಜೂಮ್ ಮಾಡಿದರೂ ಜಾಗ ಬಿಡದಿದ್ದರೆ ಅದು ಸೆನ್ಸರ್ ಧೂಳು. ಬೇರೆ ಲೆನ್ಸ್ ಹಾಕಿದರೂ ಅದೇ ಜಾಗದಲ್ಲಿ ಬಂದರೆ ಅನುಮಾನವೇ ಬೇಡ. ಜೂಮ್ ಮಾಡುವಾಗ ಕಲೆ ದೊಡ್ಡದು ಚಿಕ್ಕದಾದರೆ ಅಥವಾ ಸರಿದರೆ ಕಸ ಲೆನ್ಸಿನಲ್ಲಿದೆ. ಎನ್‌ಡಿ ಒಂದು ಸ್ಥಾನದಲ್ಲಿದ್ದಾಗ ಮಾತ್ರ ಕಂಡು ಉಳಿದ ಸ್ಥಾನಗಳಲ್ಲಿ ಇಲ್ಲದಿದ್ದರೆ ಕಸ ಆ ಎನ್‌ಡಿ ಗಾಜಿನ ಮೇಲಿದೆ. ಇದು ತಲೆ ಕೆಡಿಸುವ ಪ್ರಕರಣ, ಏಕೆಂದರೆ ಮಧ್ಯಾಹ್ನದ ಹೊರಾಂಗಣದಲ್ಲಿ ಚುಕ್ಕೆ ಇರುತ್ತದೆ, ಸಂಜೆ ಒಳಾಂಗಣಕ್ಕೆ ಬಂದರೆ ಇರುವುದಿಲ್ಲ. ಕ್ಯಾಪ್ ಹಾಕಿದ ಕತ್ತಲಲ್ಲೂ ಕೆಂಪು, ಹಸಿರು, ನೀಲಿ ಅಥವಾ ಬಿಳಿ ಬಿಂದುಗಳು ಅಲ್ಲಾಡದೆ ಹೊಳೆಯುತ್ತಿದ್ದರೆ ಅವು ಹಾಟ್ ಪಿಕ್ಸೆಲ್.

ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ ಆಫ್ ಮಾಡಲು ಹೇಳಿದ್ದಕ್ಕೆ ಕಾರಣವಿದೆ. ಅದು ಪ್ರತಿ ಫ್ರೇಮನ್ನೂ ಕತ್ತರಿಸಿ, ಸರಿಸಿ, ತಿರುಗಿಸಿ ಕೂರಿಸುತ್ತದೆ. ಸೆನ್ಸರ್ ಮೇಲೆ ಕದಲದೆ ಕೂತ ಧೂಳು ಆಗ ಚಿತ್ರದಲ್ಲಿ ನಡುಗುವ, ಕುಣಿಯುವ ಚುಕ್ಕೆಯಾಗಿ ಕಾಣುತ್ತದೆ. ನೋಡಿದವರು ಹುಳ ಹಾರುತ್ತಿದೆ ಎಂದುಕೊಳ್ಳುತ್ತಾರೆ. ಆಕ್ಷನ್ ಕ್ಯಾಮೆರಾ ಮತ್ತು ಫೋನ್‌ಗಳಲ್ಲಿ ಇದು ದಿನನಿತ್ಯದ ಗೊಂದಲ.

ಸ್ಟಿಲ್ ಫೋಟೋದಲ್ಲಿ ಇಲ್ಲ, ವಿಡಿಯೋದಲ್ಲಿ ಮಾತ್ರ ಇದೆ – ಯಾಕೆ?

ಧೂಳು ಬೆಳಕು ಹಿಡಿಯುವ ಚಿಪ್ ಮೇಲೆ ನೇರವಾಗಿ ಕೂರುವುದಿಲ್ಲ. ಅದರ ಮುಂದಿರುವ ಫಿಲ್ಟರ್ ಗಾಜಿನ ಹೊರಮೈ ಮೇಲೆ ಕೂತು ಚಿಪ್ ಮೇಲೆ ನೆರಳು ಚೆಲ್ಲುತ್ತದೆ. ಲೆಕ್ಕಕ್ಕೆ ಆ ಗಾಜಿನ ಮೇಲ್ಮೈ ಚಿಪ್‌ನಿಂದ 1 ಮಿಲಿಮೀಟರ್ ಮುಂದಿದೆ ಎಂದಿಟ್ಟುಕೊಳ್ಳಿ. ಒಂದು ಪಿಕ್ಸೆಲ್ ತಲುಪುವ ಬೆಳಕು ಶಂಕುವಿನ ಆಕಾರದಲ್ಲಿ ಬರುತ್ತದೆ. ಆ ಶಂಕು ಗಾಜಿನ ಮೇಲೆ ಎಷ್ಟು ಅಗಲವಿರುತ್ತದೆ ಎಂಬುದು ಈ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. ಎಫ್/2.8ರಲ್ಲಿ ಸುಮಾರು 0.36 ಮಿ.ಮೀ., ಎಫ್/16ರಲ್ಲಿ ಸುಮಾರು 0.06 ಮಿ.ಮೀ. ಧೂಳಿನ ಕಣದ ಅಗಲ 0.05 ಮಿ.ಮೀ. ಇದ್ದರೆ, ಎಫ್/2.8ರಲ್ಲಿ ಅದು ತಡೆಯುವುದು ಆ ಬೆಳಕಿನ ಶೇಕಡಾ 2ರಷ್ಟು, ಕಣ್ಣಿಗೆ ಬೀಳುವುದೇ ಇಲ್ಲ. ಎಫ್/16ರಲ್ಲಿ ಅದೇ ಕಣ ಸುಮಾರು ಮೂರರಲ್ಲಿ ಎರಡು ಪಾಲು ಬೆಳಕನ್ನು ನುಂಗಿ ಕಪ್ಪು ಚುಕ್ಕೆಯಾಗುತ್ತದೆ.

ಫೋಟೋ ತೆಗೆಯುವವರು ಬಿಸಿಲಲ್ಲಿ ಶಟರ್ ಅನ್ನು 1/2000ಕ್ಕೆ ಏರಿಸಿ ಎಫ್/4ರಲ್ಲೇ ಉಳಿಯಬಹುದು. ವಿಡಿಯೋದಲ್ಲಿ ಆ ಸ್ವಾತಂತ್ರ್ಯ ಇಲ್ಲ. ಸೆಕೆಂಡಿಗೆ 25 ಫ್ರೇಮ್ ಎಂದರೆ, ಚಲನೆ ಸಹಜವಾಗಿ ಕಾಣಲು ಶಟರ್ 1/50ಕ್ಕೆ ಕಟ್ಟುಬಿದ್ದಂತೆ. ಸುಡು ಬಿಸಿಲಲ್ಲಿ, ಐಎಸ್‌ಒ 100, ಶಟರ್ 1/50 ಇಟ್ಟರೆ ಸರಿಯಾದ ಎಕ್ಸ್‌ಪೋಶರ್‌ಗೆ ಎಫ್/22 ಬೇಕಾಗುತ್ತದೆ. ಲಾಗ್ ಪ್ರೊಫೈಲ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಮಂಕಾಗಿ ರೆಕಾರ್ಡ್ ಮಾಡುವ ಬಗೆ) ಐಎಸ್‌ಒ 800ಕ್ಕಿಂತ ಕೆಳಗಿಳಿಯದ ಕ್ಯಾಮೆರಾ ಆದರೆ ಲೆಕ್ಕ ಎಫ್/64ಕ್ಕೆ ಹೋಗುತ್ತದೆ, ಅಂಥ ಅಪರ್ಚರ್ ಮಾಮೂಲಿ ಲೆನ್ಸಿನಲ್ಲಿ ಇರುವುದೇ ಇಲ್ಲ. ಎನ್‌ಡಿ ಫಿಲ್ಟರ್ ಮರೆತು ಹೋದ ದಿನ ಅಪರ್ಚರ್ ಪೂರ್ತಿ ಮುಚ್ಚಿ ಶೂಟ್ ಮಾಡಿದ ರಥೋತ್ಸವದ ಆಕಾಶದಲ್ಲಿ ಚುಕ್ಕೆಗಳ ಜಾತ್ರೆ ಕಾಣುವುದು ಇದಕ್ಕೇ.

ಆದ್ದರಿಂದ ಸೆನ್ಸರ್ ಧೂಳಿಗೆ ಮೊದಲ ಪರಿಹಾರ ಶುಚಿ ಮಾಡುವುದಲ್ಲ, ಎನ್‌ಡಿ ಫಿಲ್ಟರ್. ಎನ್‌ಡಿ64 ಅಂದರೆ 6 ಸ್ಟಾಪ್, ಅಂದರೆ ಬೆಳಕು ಆರು ಸಲ ಅರ್ಧವಾಗುತ್ತದೆ. ಮೇಲಿನ ಎಫ್/64ರ ಲೆಕ್ಕ ಎಫ್/8ಕ್ಕೆ ಬರುತ್ತದೆ, ಐಎಸ್‌ಒ 100 ಆದರೆ ಎಫ್/2.8ರ ತನಕವೂ ತೆರೆಯಬಹುದು. ಎಫ್/8ಕ್ಕಿಂತ ಹೆಚ್ಚು ತೆರೆದರೆ ಬಹುತೇಕ ಧೂಳಿನ ಕಲೆ ತೆಳುವಾಗಿ ಹರಡಿಹೋಗುತ್ತದೆ. ಮುಚ್ಚಿದ ಅಪರ್ಚರ್‌ನಿಂದ ಡಿಫ್ರ್ಯಾಕ್ಷನ್ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಆಗಿ ಚಿತ್ರ ಮೆತ್ತಗಾಗುವ ತೊಂದರೆಯೂ ತಪ್ಪುತ್ತದೆ. ತಿರುಗಿಸುವ ವೇರಿಯಬಲ್ ಎನ್‌ಡಿ ಕೊಳ್ಳುವವರು ಅದನ್ನು ಕೊನೆಯ ತುದಿಗೆ ತಿರುಗಿಸಿ ಬಳಸಬಾರದು. ಅಗ್ಗದವುಗಳಲ್ಲಿ ವೈಡ್ ಲೆನ್ಸಿಗೆ ಫ್ರೇಮಿಗೆ ಅಡ್ಡಲಾಗಿ ಕತ್ತರಿಯಂಥ ಕಪ್ಪು ನೆರಳು ಬೀಳುತ್ತದೆ.

ಸೆನ್ಸರ್ ಶುಚಿ ಮಾಡುವುದು

ಬಾಗಿಲು ಕಿಟಕಿ ಮುಚ್ಚಿದ ಕೋಣೆ ಆರಿಸಿ. ಫ್ಯಾನ್ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ, ಗಾಳಿಯಲ್ಲಿದ್ದ ಧೂಳು ಕೆಳಗಿಳಿಯಲಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಡಿಎಸ್‌ಎಲ್‌ಆರ್ ಆದರೆ ಮೆನುವಿನ ಸೆನ್ಸರ್ ಕ್ಲೀನಿಂಗ್ ಆಯ್ಕೆಯಿಂದಲೇ ಕನ್ನಡಿ ಎತ್ತಿಸಬೇಕು. ಕೆಲಸದ ಮಧ್ಯೆ ಬ್ಯಾಟರಿ ಮುಗಿದು ಕನ್ನಡಿ, ಶಟರ್ ಮುಚ್ಚಿಕೊಂಡರೆ ಒಳಗಿರುವ ಕಡ್ಡಿ ತಗಲಿ ಶಟರ್ ಹರಿಯುತ್ತದೆ. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದರೆ ಸಾಮಾನ್ಯವಾಗಿ ಸೆನ್ಸರ್ ತೆರೆದೇ ಇರುತ್ತದೆ. ಕ್ಯಾನನ್‌ನ ಆರ್ ಸರಣಿಯ ಕೆಲವು ಕ್ಯಾಮೆರಾಗಳಂತೆ ಆಫ್ ಮಾಡಿದಾಗ ಶಟರ್ ಮುಚ್ಚುವವೂ ಇವೆ. ಮುಚ್ಚಿದ ಶಟರ್ ಕಂಡರೆ ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಜೋರಾಗಿ ಗಾಳಿ ಊದಲೂಬೇಡಿ.

ಮೊದಲು ಕ್ಯಾಮೆರಾದಲ್ಲೇ ಇರುವ ಸೆನ್ಸರ್ ಅಲುಗಿಸಿ ಶುಚಿ ಮಾಡುವ ಆಯ್ಕೆಯನ್ನು ಎರಡು ಮೂರು ಸಲ ಓಡಿಸಿ. ಹೋಗದಿದ್ದರೆ ಕ್ಯಾಮೆರಾವನ್ನು ಮೌಂಟ್ (ಲೆನ್ಸ್ ಕೂರುವ ಬಾಯಿ) ಕೆಳಮುಖವಾಗುವಂತೆ ಹಿಡಿದು, ರಬ್ಬರ್ ಬ್ಲೋವರ್‌ನಿಂದ ಏಳೆಂಟು ಸಲ ಊದಿ. ಬ್ಲೋವರ್ ಮೂತಿ ಮೌಂಟ್ ಒಳಗೆ ಹೋಗಬಾರದು, ಹೊರಗಿನಿಂದಲೇ ಊದಬೇಕು. ಊದುವ ಮುನ್ನ ಬೇರೆ ಕಡೆ ತಿರುಗಿಸಿ ಒಂದೆರಡು ಸಲ ಹಿಚುಕಿ, ಅದರೊಳಗೇ ಕೂತ ಧೂಳು ಮೊದಲು ಹೊರಹೋಗಲಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ, ಆಮೇಲೆ ದ್ರವ ಹಾಕದೆ ಹೋಗುವುದಿಲ್ಲ. ಕಂಪ್ಯೂಟರ್ ಶುಚಿ ಮಾಡುವ ಡಬ್ಬಿ ಗಾಳಿಯಂತೂ ಬೇಡವೇ ಬೇಡ. ಅದು ದ್ರವವಾಗಿ ಚಿಮ್ಮಿ ಗಾಜಿನ ಮೇಲೆ ಕಲೆ ಕಟ್ಟುತ್ತದೆ.

ಊದಿದ ಮೇಲೆ ಮತ್ತೆ ಎಫ್/16 ಪರೀಕ್ಷೆ. ಒಣ ಧೂಳು ಇಷ್ಟಕ್ಕೇ ಹೋಗುತ್ತದೆ. ಅಂಟಿಕೊಂಡದ್ದು ಉಳಿದರೆ ಅದು ಎಲ್ಲಿದೆ ಎಂದು ಗುರುತಿಸಿ. ಲೆನ್ಸ್ ಸೆನ್ಸರ್ ಮೇಲೆ ತಲೆಕೆಳಗಾದ ಚಿತ್ರ ಬೀಳಿಸುತ್ತದೆ. ಕ್ಯಾಮೆರಾವನ್ನು ನೇರವಾಗಿ ನಿಲ್ಲಿಸಿ ಎದುರಿನಿಂದ ಮೌಂಟ್ ಒಳಗೆ ನೋಡಿದರೆ ಮೇಲು ಕೆಳಗು ಅದಲುಬದಲು, ಎಡ ಬಲ ಹಾಗೆಯೇ. ಅಂದರೆ ಚಿತ್ರದ ಮೇಲಿನ ಎಡಮೂಲೆಯ ಚುಕ್ಕೆಗೆ ಕಾರಣವಾದ ಕಣ ನಿಮ್ಮ ಕಣ್ಣಿಗೆ ಕೆಳಗಿನ ಎಡಮೂಲೆಯಲ್ಲಿ ಸಿಗಬೇಕು. ಟಾರ್ಚ್ ಅನ್ನು ಓರೆಯಾಗಿ ಬಿಟ್ಟು ನೋಡಿ.

ಒದ್ದೆ ಶುಚಿಗೆ ಸೆನ್ಸರ್ ಅಳತೆಯದ್ದೇ ಸ್ವಾಬ್ (ತುದಿಗೆ ಮೃದು ಬಟ್ಟೆ ಇರುವ ಒರೆಸುವ ಕಡ್ಡಿ) ಬೇಕು. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಅದಕ್ಕೆ 24 ಮಿ.ಮೀ. ಅಗಲದ್ದು. ಎಪಿಎಸ್-ಸಿ ಸುಮಾರು 23.5×15.6, ಅದಕ್ಕೆ 16 ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ 17.3×13, ಅದಕ್ಕೆಂದೇ ಮಾರುವ ಇನ್ನೂ ಚಿಕ್ಕ ಸ್ವಾಬ್. ಸೆನ್ಸರ್‌ಗೆಂದೇ ತಯಾರಾದ ದ್ರವವನ್ನು 16 ಮಿ.ಮೀ. ಸ್ವಾಬ್‌ನ ತುದಿಗೆ ಒಂದೆರಡು ಹನಿ, 24 ಮಿ.ಮೀ. ಆದರೆ ಎರಡು ಮೂರು ಹನಿ ಹಾಕಿ, ಹತ್ತು ಸೆಕೆಂಡ್ ಹೀರಿಕೊಳ್ಳಲು ಬಿಡಿ. ತೊಟ್ಟಿಕ್ಕುವಷ್ಟು ಒದ್ದೆಯಾದರೆ ದ್ರವ ಸೆನ್ಸರ್ ಅಂಚಿನಿಂದ ಒಳಗಿಳಿದು, ಒಣಗಿದ ಗೆರೆ ಉಳಿಸುತ್ತದೆ. ಒಂದು ಅಂಚಿನಲ್ಲಿ ಸ್ವಾಬ್ ಇಟ್ಟು, ಕಾಗದದ ಮೇಲೆ ಪೆನ್ನು ಒತ್ತುವಷ್ಟೇ ಒತ್ತಡದಲ್ಲಿ, ಎತ್ತದೆ ಎರಡು ಮೂರು ಸೆಕೆಂಡಿನಲ್ಲಿ ಇನ್ನೊಂದು ಅಂಚಿಗೆ ಎಳೆಯಿರಿ. ಸ್ವಾಬ್‌ನ ಇನ್ನೊಂದು ಬದಿಯಿಂದ ವಾಪಸ್ ಒಂದು ಎಳೆತ. ಅಲ್ಲಿಗೆ ಆ ಸ್ವಾಬ್ ಕಸದ ಬುಟ್ಟಿಗೆ. ಚುಕ್ಕೆ ಉಳಿದರೆ ಹೊಸ ಸ್ವಾಬ್ ತೆಗೆಯಿರಿ. ಬಳಸಿದ್ದರ ಮೇಲೆ ಅಂಟಿದ ಮರಳಿನ ಕಣವೇ ಸೆನ್ಸರ್ ಗಾಜಿಗೆ ಗೀರು ಹಾಕುವುದು. ಸ್ಯಾನಿಟೈಸರ್, ಕನ್ನಡಕದ ದ್ರವ, ನೇಲ್ ಪಾಲಿಶ್ ತೆಗೆಯುವ ದ್ರವ ಯಾವುದೂ ಇಲ್ಲಿಗೆ ಸಲ್ಲದು. ಸೆನ್ಸರನ್ನೇ ಅಲುಗಿಸುವ ಸ್ಟೆಬಿಲೈಸೇಷನ್ ಇರುವ ಕ್ಯಾಮೆರಾದಲ್ಲಿ ಸೆನ್ಸರ್ ಒತ್ತಿದಾಗ ಸ್ವಲ್ಪ ತೂಗುತ್ತದೆ. ಆಗ ಹೆದರಿ ಜೋರಾಗಿ ಒತ್ತಬೇಡಿ, ಒತ್ತಡ ಇನ್ನಷ್ಟು ಕಡಿಮೆ ಮಾಡಿ.

ಧೂಳಲ್ಲದ ಎಣ್ಣೆಯ ಹನಿಯೂ ಇರುತ್ತದೆ. ಗುಂಡಗೆ, ಅಂಚು ಕಪ್ಪಾಗಿ ನಡು ತಿಳಿಯಾಗಿ ಕಾಣುವ ಚುಕ್ಕೆ ಅದು. ಬ್ಲೋವರ್‌ಗೆ ಜಗ್ಗುವುದಿಲ್ಲ. ಶಟರ್ ಯಂತ್ರದಿಂದ ಸಿಡಿದ ಗ್ರೀಸ್ ಹೀಗೆ ಬೀಳುತ್ತದೆ. 2012ರಲ್ಲಿ ಬಂದ ನಿಕಾನ್ ಡಿ600ರಲ್ಲಿ ಇಂಥ ಚುಕ್ಕೆಗಳು ಶುಚಿ ಮಾಡಿದಷ್ಟೂ ಮರಳಿ ಬರುತ್ತಿದ್ದವು. ಕೊನೆಗೆ 2014ರಲ್ಲಿ ನಿಕಾನ್ ಶಟರ್ ಸೇರಿದಂತೆ ಬಿಡಿಭಾಗಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಶುಚಿ ಮಾಡಿದ ಕೆಲವೇ ವಾರದಲ್ಲಿ ಅದೇ ಮೂಲೆಗೆ ಮತ್ತೆ ಚುಕ್ಕೆ ಬಂದರೆ ನಿಮ್ಮದೂ ಧೂಳಿನ ಪ್ರಕರಣವಲ್ಲ ಎಂದು ತಿಳಿಯಿರಿ.

ಲೆನ್ಸ್ ಬಿಚ್ಚಲಾಗದ ಹ್ಯಾಂಡಿಕ್ಯಾಮ್ ಮಾದರಿಯ ಕ್ಯಾಮೆರಾಗಳಲ್ಲಿ ಸೆನ್ಸರ್ ಮತ್ತು ಎನ್‌ಡಿ ಗಾಲಿಯನ್ನು ಮನೆಯಲ್ಲಿ ತಲುಪಲಾಗುವುದಿಲ್ಲ, ಸರ್ವಿಸ್‌ಗೇ ಕೊಡಬೇಕು. ಆದರೆ ಅವುಗಳ ಸೆನ್ಸರ್ ಚಿಕ್ಕದು, ಫೋಕಸ್ ಆಳ ಬಹಳ. ವೈಡ್‌ನಲ್ಲಿ, ಬಿಸಿಲಿನಲ್ಲಿ, ಲೆನ್ಸಿನ ಮುಂಗಾಜಿನ ಅಥವಾ ವೈಡ್ ಅಡಾಪ್ಟರ್‌ನ ಹಿಂಬದಿಯ ಕಸವೂ ಕಲೆಯಾಗಿ ಬೀಳುವುದು ಇಂಥವುಗಳಲ್ಲೇ. ಇಲ್ಲಿ ಮಾತ್ರ ಮೊದಲು ಮುಂಗಾಜನ್ನು ನೋಡಿ. ಮೊದಲು ಬ್ಲೋವರ್, ಆಮೇಲೆ ಮೃದು ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ (ಗಾಜಿಗಲ್ಲ) ಒಂದು ಹನಿ ಲೆನ್ಸ್ ದ್ರವ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒರೆಸಿ. ಉಳಿದ ಲೆನ್ಸ್‌ಗಳಲ್ಲಿ ಮುಂಗಾಜಿಗಿಂತ ಹಿಂಗಾಜು ಮುಖ್ಯ. ಹಿಂಗಾಜಿನ ಬೆರಳಚ್ಚು ಮುಂಗಾಜಿನ ಬೆರಳಚ್ಚಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ಹೊಳೆಯುವ ಬಿಂದುಗಳು

ಹಾಟ್ ಪಿಕ್ಸೆಲ್ ಎಂದರೆ ಬೆಳಕಿಲ್ಲದಿದ್ದರೂ ವಿದ್ಯುತ್ ಸೋರಿ, ಬೆಳಕು ಬಿದ್ದಂತೆ ಲೆಕ್ಕ ಕೊಡುವ ಪಿಕ್ಸೆಲ್. ಸೆನ್ಸರ್‌ನ ಉಷ್ಣತೆ ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಈ ಸೋರಿಕೆ ಇಮ್ಮಡಿಯಾಗುತ್ತದೆ. ಆದ್ದರಿಂದಲೇ ಮದುವೆಯ ಮುಂಜಾನೆ ಇಲ್ಲದ ಕೆಂಪು ಬಿಂದು ರಾತ್ರಿ ಆರತಕ್ಷತೆಯ ಹೊತ್ತಿಗೆ, ಮೂರು ಗಂಟೆ ಬಿಡದೆ ಓಡಿದ ಕ್ಯಾಮೆರಾದಲ್ಲಿ, ಐಎಸ್‌ಒ 6400ರಲ್ಲಿ ಹೊಳೆಯಲು ತೊಡಗುತ್ತದೆ. ಪರೀಕ್ಷೆಯನ್ನೂ ಕ್ಯಾಮೆರಾ ಬಿಸಿಯಾಗಿರುವಾಗಲೇ ಮಾಡಬೇಕು. ಒಂದೇ ಪಿಕ್ಸೆಲ್ ಕೆಟ್ಟಿದ್ದರೂ ಪಕ್ಕದ ಪಿಕ್ಸೆಲ್‌ಗಳಿಂದ ಬಣ್ಣ ಲೆಕ್ಕ ಹಾಕುವಾಗ ಅದು ಚಿಕ್ಕ ಕೂಡಿಸುವ ಚಿಹ್ನೆಯಂತೆ ಹರಡುತ್ತದೆ, ಕಂಪ್ರೆಷನ್ ಅದನ್ನು ಇನ್ನಷ್ಟು ಉಬ್ಬಿಸುತ್ತದೆ. ಲಾಗ್ ಪ್ರೊಫೈಲ್‌ನಲ್ಲಿ ಕತ್ತಲ ಭಾಗ ಎತ್ತಿ ಹಿಡಿದಿರುವುದರಿಂದ ಹೆಚ್ಚು ಕಾಣುತ್ತದೆ.

ಇದಕ್ಕೆ ಮದ್ದು ಪಿಕ್ಸೆಲ್ ಮ್ಯಾಪಿಂಗ್. ಕ್ಯಾಮೆರಾ ಕೆಟ್ಟ ಪಿಕ್ಸೆಲ್‌ಗಳ ಪಟ್ಟಿ ಮಾಡಿಕೊಂಡು, ಅವುಗಳ ಬದಲು ನೆರೆಯವುಗಳ ಸರಾಸರಿ ಹಾಕುತ್ತದೆ. ನಿಕಾನ್‌ನ ಝೆಡ್ ಸರಣಿ, ಓಎಂ ಸಿಸ್ಟಮ್, ಹೊಸ ಫ್ಯೂಜಿಫಿಲ್ಮ್ ಮತ್ತು ಹೊಸ ಸೋನಿ ಕ್ಯಾಮೆರಾಗಳ ಮೆನುವಿನಲ್ಲಿ ಇದೇ ಹೆಸರಿನ ಆಯ್ಕೆ ಇದೆ. ಪ್ಯಾನಸಾನಿಕ್ ಲೂಮಿಕ್ಸ್‌ನಲ್ಲಿ ಪಿಕ್ಸೆಲ್ ರಿಫ್ರೆಶ್ ಎನ್ನುತ್ತಾರೆ, ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್‌ಗಳಲ್ಲಿ ಪಿಕ್ಸೆಲ್ ರಿಮ್ಯಾಪಿಂಗ್. ಸೋನಿಯ ಎಫ್‌ಎಕ್ಸ್6, ಎಫ್‌ಎಕ್ಸ್9ರಂಥ ಸಿನಿಮಾ ಸಾಲಿನಲ್ಲಿ ಎಪಿಆರ್ ಹೆಸರಿನಲ್ಲಿ ಹುಡುಕಿ. ಮುಚ್ಚಳ ಹಾಕಲು ಮೆನು ಹೇಳಿದರೆ ಹಾಕಲೇಬೇಕು, ಬೆಳಕು ಸೋರಿದರೆ ಲೆಕ್ಕ ತಪ್ಪುತ್ತದೆ. ಮೆನುವಿನಲ್ಲಿ ಆಯ್ಕೆ ಇಲ್ಲದ ಹಳೆಯ ಸೋನಿ ಮಿರರ್‌ಲೆಸ್‌ಗಳು ಈ ಕೆಲಸವನ್ನು ಆಫ್ ಮಾಡುವಾಗ ತಾವೇ ಆಗಾಗ ಮಾಡಿಕೊಳ್ಳುತ್ತವೆ. ದಿನಾಂಕವನ್ನು ಒಂದು ತಿಂಗಳು ಮುಂದಕ್ಕಿಟ್ಟು, ಆಫ್ ಮಾಡಿ, ಆನ್ ಮಾಡಿ, ದಿನಾಂಕ ಸರಿಪಡಿಸುವುದು ಬಳಕೆದಾರರಲ್ಲಿ ರೂಢಿಯಲ್ಲಿರುವ ಉಪಾಯ. ಕ್ಯಾನನ್ ಡಿಎಸ್‌ಎಲ್‌ಆರ್ ಇರುವವರ ಉಪಾಯ ಬೇರೆ. ಲೆನ್ಸ್ ತೆಗೆದ ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿ, ಕೈಯಾರೆ ಸೆನ್ಸರ್ ಶುಚಿ ಮಾಡುವ ಆಯ್ಕೆ ಒತ್ತಿ, ಅರ್ಧದಿಂದ ಒಂದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಇವೆರಡೂ ಕೈಪಿಡಿಯ ವಿಧಾನಗಳಲ್ಲ, ಆದರೂ ಕ್ಯಾಮೆರಾ ಸರ್ವಿಸ್‌ಗೆ ಕಳಿಸುವ ಮುನ್ನ ಮಾಡಿ ನೋಡಿದರೆ ನಷ್ಟವಿಲ್ಲ.

ಹೊಸ ಬಿಂದುಗಳು ಆಗೀಗ ಹುಟ್ಟುವುದು ಸಹಜ. ಕಾಸ್ಮಿಕ್ ಕಿರಣಗಳಿಂದಲೂ ಬಿಳಿ ಚುಕ್ಕೆ ಬರಬಹುದು ಎಂದು ಸೋನಿಯ ವೃತ್ತಿಪರ ಕ್ಯಾಮೆರಾಗಳ ಕೈಪಿಡಿಗಳೇ ಹೇಳುತ್ತವೆ. ದೂರದ ವಿಮಾನ ಪ್ರಯಾಣ ಮುಗಿಸಿ ಬಂದ ಮೇಲೆ ಒಮ್ಮೆ ಮ್ಯಾಪಿಂಗ್ ಓಡಿಸುವುದು ಒಳ್ಳೆಯ ಅಭ್ಯಾಸ.

ಮ್ಯಾಪಿಂಗ್‌ಗೆ ಬಗ್ಗದ್ದು ಲೇಸರ್ ಪೆಟ್ಟು. ಡಿಜೆ ಮೆರವಣಿಗೆ, ಸಂಗೀತ ಸಂಜೆ, ಆರತಕ್ಷತೆಯ ವೇದಿಕೆಗಳಲ್ಲಿ ಬೀಸುವ ಲೇಸರ್ ನೇರ ಲೆನ್ಸಿಗೆ ಹೊಕ್ಕರೆ, ಲೆನ್ಸ್ ಅದನ್ನು ಒಂದು ಬಿಂದುವಿಗೆ ಕೂಡಿಸಿ ಸೆನ್ಸರನ್ನು ಸುಡುತ್ತದೆ. ಬಣ್ಣದ ಚುಕ್ಕೆ, ಜೊತೆಗೆ ಅಡ್ಡಕ್ಕೋ ಉದ್ದಕ್ಕೋ ಫ್ರೇಮ್ ಪೂರ್ತಿ ಗೆರೆ ಮೂಡಿದರೆ ಅದೇ. ರೆಕಾರ್ಡ್ ಆಗದೆ ಕ್ಯಾಮೆರಾ ಬರೀ ಆನ್ ಇದ್ದರೂ ಆಗುತ್ತದೆ. ಸೆನ್ಸರ್ ಬದಲಿಸುವುದೊಂದೇ ದಾರಿ, ಅದರ ಖರ್ಚಿಗೆ ಹಲವು ಸಲ ಇನ್ನೊಂದು ಹಳೆಯ ಕ್ಯಾಮೆರಾವೇ ಬರುತ್ತದೆ. ವೇದಿಕೆಗೆ ಬರುವ ಮೊದಲೇ ದೀಪದವರನ್ನು ಕೇಳಿ ಲೇಸರ್ ಎಲ್ಲಿಂದ ಎಲ್ಲಿಗೆ ಬೀಸುತ್ತದೆ ಎಂದು ತಿಳಿದುಕೊಂಡು, ಅದರ ಸಾಲಿನಿಂದ ಪಕ್ಕಕ್ಕೆ ಅಥವಾ ಕೆಳಗೆ ಟ್ರೈಪಾಡ್ ಇಡಿ. ಶಾರ್ಪಿ ಎನ್ನುವ ಮೂವಿಂಗ್ ಹೆಡ್ ದೀಪಗಳು ಲೇಸರ್ ಅಲ್ಲ, ಅವಕ್ಕೆ ಇಷ್ಟು ಹೆದರಬೇಕಿಲ್ಲ.

ಚಲಿಸುವ ಚುಕ್ಕೆಗಳು

ರಾತ್ರಿ ಬೀದಿದೀಪದ ಎದುರು ಫೋನ್ ಹಿಡಿದಾಗ ತೇಲುವ ಹಸಿರು ಚುಕ್ಕೆ ಕಸವಲ್ಲ, ಲೆನ್ಸ್ ಗಾಜುಗಳ ನಡುವೆ ಪುಟಿದ ದೀಪದ ಬಿಂಬ. ಗುರುತು ಸುಲಭ. ದೀಪ ಫ್ರೇಮಿನ ಮೇಲಿನ ಬಲಕ್ಕೆ ಹೋದರೆ ಚುಕ್ಕೆ ಕೆಳಗಿನ ಎಡಕ್ಕೆ ಬರುತ್ತದೆ, ನಡುಬಿಂದುವಿನ ಆಚೀಚೆ ಎದುರುಬದುರಾಗಿ. ಬೆರಳಿನಿಂದ ದೀಪವನ್ನು ಮರೆಮಾಡಿದರೆ ಚುಕ್ಕೆಯೂ ಮಾಯ. ಲೆನ್ಸಿಗೆ ಹಾಕಿದ ಅಗ್ಗದ ಯುವಿ ಫಿಲ್ಟರ್ ತೆಗೆದುಬಿಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಫೋನ್ ಆದರೆ ಕ್ಯಾಮೆರಾ ಗಾಜಿನ ಜಿಡ್ಡು ಒರೆಸಿ, ದೀಪ ಫ್ರೇಮಿನಿಂದ ಹೊರಗುಳಿಯುವಂತೆ ನಿಲ್ಲಿ. ಮಿರರ್‌ಲೆಸ್‌ನಲ್ಲಿ ಸೂರ್ಯನಿಗೆ ಎದುರಾಗಿ ಎಫ್/11ಕ್ಕಿಂತ ಮುಚ್ಚಿದಾಗ ಕೆಂಪು, ಹಸಿರು ಚುಕ್ಕೆಗಳು ಸಾಲು ಸಾಲಾಗಿ ಜಾಲರಿಯಂತೆ ಮೂಡುವುದುಂಟು. ಸೆನ್ಸರ್‌ನಿಂದ ಪ್ರತಿಫಲಿಸಿದ ಬೆಳಕು ಲೆನ್ಸಿನ ಹಿಂಗಾಜಿಗೆ ಬಡಿದು ಮರಳುವುದರಿಂದ ಹಾಗಾಗುತ್ತದೆ. ಅಪರ್ಚರ್ ತೆರೆಯಿರಿ, ಇಲ್ಲವೇ ಕೋನ ಬದಲಿಸಿ. ಸೆನ್ಸರ್ ಶುಚಿಗೂ ಇದಕ್ಕೂ ಸಂಬಂಧವೇ ಇಲ್ಲ.

ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸುವ ಮಸುಕಾದ ದುಂಡು ಬೆಳಕುಗಳು ಲೆನ್ಸಿನ ಹತ್ತಿರ ಹಾರುವ ಧೂಳು, ಹನಿ, ಹುಳ, ಹೋಮದ ಬೂದಿ. ಕ್ಯಾಮೆರಾ ಮೇಲೆಯೇ ಕೂತ ಎಲ್‌ಇಡಿ ದೀಪ ಅವುಗಳನ್ನು ಬೆಳಗಿಸಿ ನೇರ ಲೆನ್ಸಿಗೆ ಹಿಂದಿರುಗಿಸುತ್ತದೆ. ದೀಪವನ್ನು ಕ್ಯಾಮೆರಾದಿಂದ ಇಳಿಸಿ ಒಂದೆರಡು ಅಡಿ ಪಕ್ಕಕ್ಕೆ ಸ್ಟ್ಯಾಂಡ್ ಮೇಲಿಟ್ಟರೆ ಸಾಕು. ಮನೆಯ ಸಿಸಿಟಿವಿಯಲ್ಲಿ ರಾತ್ರಿ ಮಾತ್ರ ತೇಲುವ ಬಿಳಿ ಗೋಲಗಳೂ ಇವೇ. ಇನ್‌ಫ್ರಾರೆಡ್ ದೀಪ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಹುಳವೂ ಜೇಡರ ಎಳೆಯೂ ಹೊಳೆಯುತ್ತವೆ, ದೆವ್ವವೇನೂ ಅಲ್ಲ.

ದೀಪದ ಪಕ್ಕದಲ್ಲಿ ಅಥವಾ ಸೂರ್ಯನ ನಡುವೆಯೇ ಕಪ್ಪು ಚುಕ್ಕೆ ಬಂದರೆ ಅದು ಸೆನ್ಸರ್ ಓದುವ ಲೆಕ್ಕದ ತಪ್ಪು. ಬೆಳಕು ಮಿತಿಮೀರಿದಾಗ ಸಿಮಾಸ್ (CMOS) ಎಂಬ ಬಗೆಯ ಸೆನ್ಸರ್‌ನ ಆರಂಭದ ಅಳತೆಯೇ ಕೆಟ್ಟು, ಅತಿ ಬೆಳಕಿನ ಜಾಗ ಕಪ್ಪಾಗುತ್ತದೆ. ಕ್ಯಾನನ್ 5ಡಿ ಮಾರ್ಕ್ 2 ಬಂದ ಹೊಸತರಲ್ಲಿ ರಾತ್ರಿ ದೀಪಗಳ ಬಲಕ್ಕೆ ಕಪ್ಪು ಚುಕ್ಕೆ ಬೀಳುತ್ತಿದ್ದುದನ್ನು 2009ರ ಜನವರಿಯ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) 1.0.7 ಸರಿಪಡಿಸಿತು. ನಿಮ್ಮ ಕ್ಯಾಮೆರಾದಲ್ಲೂ ಇಂಥದ್ದು ಕಂಡರೆ ಮೊದಲು ಫರ್ಮ್‌ವೇರ್ ನೋಡಿ, ಆಮೇಲೆ ಎನ್‌ಡಿ ಹಾಕಿ ಬೆಳಕು ತಗ್ಗಿಸಿ.

ಹಸಿರು ಅಥವಾ ಗುಲಾಬಿ ಬಣ್ಣದ ಚೌಕಗಳು ಚುಕ್ಕೆಗಳಲ್ಲ, ಫೈಲ್ ಹಾಳಾದ ಲಕ್ಷಣ. ಕಾರ್ಡಿನಿಂದ ಇನ್ನೊಂದು ರೀಡರ್ ಬಳಸಿ ಮತ್ತೆ ಕಾಪಿ ಮಾಡಿ, ಬೇರೆ ಪ್ಲೇಯರ್‌ನಲ್ಲಿ ನೋಡಿ, ಅಲ್ಲಿಯ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಹಳೆಯ ಮಿನಿ ಡಿವಿ ಟೇಪ್‌ಗಳಲ್ಲಿ ಕಾಣುವ ಚೌಕಗಳಿಗೆ ಹೆಚ್ಚಾಗಿ ಹೆಡ್ ಮೇಲಿನ ಕೊಳೆ ಕಾರಣ. ಒಣ ಕ್ಲೀನಿಂಗ್ ಕ್ಯಾಸೆಟ್ ಅನ್ನು 10 ಸೆಕೆಂಡ್ ಮಾತ್ರ ಓಡಿಸಿ ತೆಗೆಯಿರಿ, ರಿವೈಂಡ್ ಮಾಡಬೇಡಿ.

ಬೂಷ್ಟು

ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಲೆನ್ಸಿಗೆ ಬೂಷ್ಟು ಹತ್ತುವುದು ಸಾಮಾನ್ಯ. ಟಾರ್ಚ್ ಬಿಟ್ಟು ನೋಡಿದರೆ ಜೇಡರ ಬಲೆಯಂಥ ಕವಲೆಳೆಗಳು ಕಾಣುತ್ತವೆ. ಫೂಟೇಜ್‌ನಲ್ಲಿ ಇದು ಸ್ಪಷ್ಟ ಚುಕ್ಕೆಗಿಂತ ಹೆಚ್ಚಾಗಿ ಮಂಜು ಕವಿದ ಕಾಂಟ್ರಾಸ್ಟ್, ದೀಪಗಳ ಸುತ್ತ ಪ್ರಭೆಯಾಗಿ ಕಾಣುತ್ತದೆ. ಬೆಳೆಯಲು ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಒಳಗಿನ ಬೂಷ್ಟನ್ನು ಲೆನ್ಸ್ ಬಿಚ್ಚಿಯೇ ತೆಗೆಯಬೇಕು, ಅದು ಸರ್ವಿಸ್‌ನವರ ಕೆಲಸ. ತಡೆಯುವುದು ನಿಮ್ಮದು. ತೇವಾಂಶ ಶೇ. 40ರಿಂದ 50ರ ನಡುವೆ ನಿಲ್ಲುವ ಡ್ರೈ ಕ್ಯಾಬಿನೆಟ್, ಇಲ್ಲವೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಸಣ್ಣ ತೇವಮಾಪಕ, ಸಿಲಿಕಾ ಜೆಲ್. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ವಸ್ತು ಇರುತ್ತದೆ, ಆದ್ದರಿಂದ ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ಬದಲಾದರೆ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ತಣಿದ ಮೇಲೆ ಮತ್ತೆ ಹಾಕಿ. ಕ್ಯಾಮೆರಾ ಬ್ಯಾಗ್ ಒಳಗೇ ಮಳೆಗಾಲ ಕಳೆಯಬೇಡಿ, ಬ್ಯಾಗಿನ ಸ್ಪಂಜು ತೇವ ಹಿಡಿದಿಡುತ್ತದೆ.

ಈಗಾಗಲೇ ಶೂಟ್ ಆಗಿರುವುದನ್ನು ಉಳಿಸುವುದು

ಸೆನ್ಸರ್ ಧೂಳಿನ ಮಸುಕಾದ ಕಲೆಗೆ ಎಲ್ಲರೂ ಮೊದಲು ಹೋಗುವುದು ಪಕ್ಕದ ಚಿತ್ರವನ್ನು ನಕಲು ಮಾಡಿ ಮುಚ್ಚುವ ಕ್ಲೋನ್ ಟೂಲ್‌ಗೆ. ಅದಕ್ಕಿಂತ ಒಳ್ಳೆಯ ದಾರಿ ಇದೆ. ಆ ಕಲೆಯ ಕೆಳಗೆ ಚಿತ್ರ ಇನ್ನೂ ಇದೆ, ಸ್ವಲ್ಪ ಕತ್ತಲಾಗಿದೆ ಅಷ್ಟೇ. ಕಲೆಗಿಂತ ತುಸು ದೊಡ್ಡ ವೃತ್ತದ ಮಾಸ್ಕ್ ಹಾಕಿ, ಅಂಚನ್ನು ಬಹಳ ಮೃದು ಮಾಡಿ, ಒಳಗೆ ಬೆಳಕು ಎತ್ತಿ. ಮಾಮೂಲಿ ಪ್ರೊಫೈಲ್‌ನ ಕ್ಲಿಪ್ ಆದರೆ ಗೇನ್ (ಬೆಳಕನ್ನು ಗುಣಿಸುವ ಆಯ್ಕೆ) 1.05ರಿಂದ ಶುರು ಮಾಡಿ 1.2ರ ತನಕ ಏರಿಸುತ್ತಾ ಕಲೆ ಕರಗುವಲ್ಲಿ ನಿಲ್ಲಿಸಿ. ಲಾಗ್ ಕ್ಲಿಪ್ ಆದರೆ ಬಣ್ಣ ಬದಲಿಸುವ ಮೊದಲೇ, ಗೇನ್ ಬದಲು ಆಫ್‌ಸೆಟ್ (ಬೆಳಕಿಗೆ ಕೂಡಿಸುವ ಆಯ್ಕೆ) ಎತ್ತಿ. ಲಾಗ್‌ನಲ್ಲಿ ಬೆಳಕಿನ ಗುಣಾಕಾರ ಕೂಡಿಕೆಯಾಗುತ್ತದೆ, ಅದಕ್ಕೆ. ಹೀಗೆ ಮಾಡಿದರೆ ಕಲೆಯ ಮೇಲೆ ಹಕ್ಕಿ ಹಾರಿದರೂ ಹಕ್ಕಿ ಉಳಿಯುತ್ತದೆ. ಕ್ಲೋನ್ ಮಾಡಿದರೆ ಹಕ್ಕಿಗೆ ತೂತು ಬೀಳುತ್ತದೆ.

ಕಲೆ ಪೂರ್ತಿ ಕಪ್ಪಾಗಿದ್ದರೆ, ಅಥವಾ ಹಾಟ್ ಪಿಕ್ಸೆಲ್ ಆದರೆ ತೇಪೆ ಹಾಕಲೇಬೇಕು. ಅದೇ ಕ್ಲಿಪ್‌ನ ಪ್ರತಿ ಮಾಡಿ ಮೇಲಿನ ಟ್ರ್ಯಾಕ್‌ಗೆ ಹಾಕಿ. ಹಾಟ್ ಪಿಕ್ಸೆಲ್‌ಗೆ 8 ಪಿಕ್ಸೆಲ್ ಅಗಲದ ಮಾಸ್ಕ್, ಅಂಚು ಮೃದು ಮಾಡಲು 2 ಪಿಕ್ಸೆಲ್ ಫೆದರ್. ಮಾಸ್ಕ್ ಜಾಗದಲ್ಲೇ ಇದ್ದು ಒಳಗಿನ ಚಿತ್ರ ಮಾತ್ರ ಆರೆಂಟು ಪಿಕ್ಸೆಲ್ ಪಕ್ಕಕ್ಕೆ ಸರಿಯಬೇಕು. ಯಾವುದೇ ಎಡಿಟಿಂಗ್ ತಂತ್ರಾಂಶದಲ್ಲಿ ಇದು ನಡೆಯುತ್ತದೆ. ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಡೆಡ್ ಪಿಕ್ಸೆಲ್ ಫಿಕ್ಸರ್ ಎಂಬ ಸಿದ್ಧ ಉಪಕರಣವಿದೆ. ಉಚಿತ ಆವೃತ್ತಿಯವರು ಫ್ಯೂಷನ್ ಪುಟದ ಪೇಂಟ್ ನೋಡ್‌ನಲ್ಲಿ ಕ್ಲೋನ್ ಮಾಡಬಹುದು. ಚುಕ್ಕೆ ಜಾಗ ಬದಲಿಸದ ಕಾರಣ ಒಮ್ಮೆ ಮಾಡಿದ್ದನ್ನು ಅದೇ ಕ್ಯಾಮೆರಾದ, ಅದೇ ರೆಸಲ್ಯೂಷನ್‌ನ ಎಲ್ಲ ಕ್ಲಿಪ್‌ಗಳಿಗೂ ಅಂಟಿಸಬಹುದು. ಕ್ರಾಪ್ ಮೋಡ್‌ನಲ್ಲಿ ತೆಗೆದ ಕ್ಲಿಪ್‌ಗಳಿಗೆ ಜಾಗ ಬೇರೆ, ಅವುಗಳನ್ನು ಪ್ರತ್ಯೇಕವಾಗಿ ಮಾಡಬೇಕು.

ಸರದಿ ತಪ್ಪಬಾರದು. ಚುಕ್ಕೆ ತೆಗೆಯುವುದು ಮೊದಲು, ಸ್ಟೆಬಿಲೈಸ್ ಮಾಡುವುದು, ಜೂಮ್ ಮಾಡುವುದು, ನಾಯ್ಸ್ ತೆಗೆಯುವುದು ಆಮೇಲೆ. ತಿರುವುಮುರುವಾದರೆ ನಿಂತಲ್ಲೇ ನಿಂತಿದ್ದ ಚುಕ್ಕೆ ಕುಣಿಯಲು ತೊಡಗಿ, ಪ್ರತಿ ಫ್ರೇಮಿಗೂ ಮಾಸ್ಕ್ ಜಾಗವನ್ನು ಗುರುತಿಸುವ (ಕೀಫ್ರೇಮ್ ಹಾಕುವ) ಶಿಕ್ಷೆ ಕಾದಿರುತ್ತದೆ. ಕ್ಯಾಮೆರಾ ದಾಖಲಿಸಿದ ಅಲುಗಾಟದ (ಗೈರೋ) ಮಾಹಿತಿಯಿಂದ ನಡುಕ ತೆಗೆಯುವ ಗೈರೋಫ್ಲೋ ತಂತ್ರಾಂಶ ಬಳಸುವವರು ಚುಕ್ಕೆ ತೆಗೆದು ರೆಂಡರ್ ಮಾಡಿದ ಫೈಲ್‌ನಲ್ಲಿ ಗೈರೋ ಮಾಹಿತಿ ಉಳಿಯುವುದಿಲ್ಲ ಎಂಬುದನ್ನು ನೆನಪಿಡಿ, ಮೂಲ ಫೈಲ್‌ನಿಂದ ಆ ಮಾಹಿತಿಯನ್ನು ಬೇರೆಯಾಗಿ ತುಂಬಿಸಬೇಕು.

ಸರ್ವಿಸ್‌ಗೆ ಕೊಡುವುದೇ ಆದರೆ ಕ್ಯಾಮೆರಾ ಜೊತೆಗೆ ಆ ಎರಡು ನಿಮಿಷದ ಪರೀಕ್ಷಾ ಕ್ಲಿಪ್, ಚುಕ್ಕೆ ಇರುವ ಜಾಗಕ್ಕೆ ಸುತ್ತು ಹಾಕಿದ ಒಂದು ಸ್ಟಿಲ್, ಯಾವ ಅಪರ್ಚರ್ ಮತ್ತು ಐಎಸ್‌ಒನಲ್ಲಿ ಕಂಡಿತು ಎಂಬ ಚೀಟಿ, ಮೂರನ್ನೂ ಕೊಡಿ. ಎಫ್/5.6ರಲ್ಲಿ ನೋಡಿ ಏನೂ ತೊಂದರೆ ಇಲ್ಲ ಎಂದು ವಾಪಸ್ ಕಳಿಸುವುದು ಇದರಿಂದ ತಪ್ಪುತ್ತದೆ. ಮರಳಿ ಪಡೆಯುವಾಗ ಅಲ್ಲೇ ಕೌಂಟರ್ ಬಳಿ ಬಿಳಿ ಗೋಡೆಗೆ ಕ್ಯಾಮೆರಾ ಹಿಡಿದು, ಎಫ್/22ರಲ್ಲಿ 10 ಸೆಕೆಂಡ್ ರೆಕಾರ್ಡ್ ಮಾಡಿ ನೋಡಿದ ಮೇಲೆ ಹಣ ಕೊಡಿ.